ಪೀಠ ಇಲ್ಲದೆ ನಿಲ್ಲುವ ಪ್ರಾಣಿಗಳು

ಪುಷ್ಯ ಮಳೆ ಹಿಡಿದ ನಾಲ್ಕನೇ ದಿನ, ಅಂಗಡಿಗೆ ಹೊರಡುವ ಮೊದಲು ಕಪಾಟಿನ ಕಡೆ ನೋಡಿದರೆ ನನ್ನ ದೊಡ್ಡ ಟಿ. ರೆಕ್ಸ್ ಮೂಗು ಕೆಳಗಾಗಿ ಬಿದ್ದುಕೊಂಡಿತ್ತು. ಬೀಳುವಾಗ ಪಕ್ಕದ ಟ್ರೈಸೆರಾಟಾಪ್ಸನ್ನೂ ಉರುಳಿಸಿತ್ತು. ಅದರ ಎಡಗೊಂಬಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಣ್ಣ ಎದ್ದು ಒಳಗಿನ ಬಿಳಿ ಪ್ಲಾಸ್ಟಿಕ್ಕು ಕಾಣುತ್ತಿತ್ತು. ಹೊರಗೆ ಮಳೆ ಒಂದೇ ಸಮ ಹೊಯ್ಯುತ್ತಿತ್ತು. ಹಿಂದಿನ ರಾತ್ರಿ ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ಅಂಗಡಿ ಬಾಗಿಲು ಒಂದು ಗಂಟೆ ತಡವಾಗಿ ತೆಗೆದರೂ ಅಡ್ಡಿಯಿಲ್ಲ ಎಂದು ಚೀಲ ಕೆಳಗಿಟ್ಟು ಕೂತೆ.

ನನಗೀಗ ನಲವತ್ನಾಲ್ಕು. ಸಾಗರದಲ್ಲಿ ಮಿಕ್ಸಿ, ಗ್ರೈಂಡರು, ಫ್ಯಾನು, ಪಂಪ್‌ಸೆಟ್ಟು ರಿಪೇರಿ ಮಾಡುತ್ತೇನೆ. ಮನೆಯ ಜಗಲಿಯಿಂದ ಒಳಗೆ ಕಾಲಿಟ್ಟ ಕೂಡಲೇ ಎಡಕ್ಕೆ ಗಾಜಿನ ಬಾಗಿಲಿನ ಒಂದು ಕಪಾಟಿದೆ. ಅದರಲ್ಲಿ ಈ ಹೊತ್ತಿಗೆ ಎಂಬತ್ತಮೂರು ಡೈನೋಸಾರ್ ಬೊಂಬೆಗಳಿವೆ. ಮಕ್ಕಳಿಗೆಂದು ತಂದವಲ್ಲ, ನನಗೆಂದೇ ಕೊಂಡವು. ಮನೆಗೆ ಬಂದವರು ಕೇಳಿದರೂ ಹಾಗೆಯೇ ಹೇಳುತ್ತೇನೆ.

ಬಿದ್ದದ್ದನ್ನು ಎತ್ತಿ ನೋಡಿದೆ. ಬಲಗಾಲು ಹಿಮ್ಮಡಿಯ ಗಂಟಿನ ಹತ್ತಿರ ಕೂದಲೆಳೆಯಷ್ಟು ಮುಂದಕ್ಕೆ ಬಾಗಿತ್ತು. ಈ ಬೊಂಬೆಗಳೆಲ್ಲ ಮೆದು ಪಿವಿಸಿ. ಬೇಸಿಗೆಯಲ್ಲಿ ಹೆಂಚಿನ ಕೆಳಗಿನ ಕಾವಿಗೆ ಕಾಲು ನಿಧಾನಕ್ಕೆ ಬಾಗುತ್ತಾ ಬರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಒಂದು ದಿನ ತೂಕ ಬೆರಳ ತುದಿ ದಾಟಿತೋ, ಬಿತ್ತು. ರಿಪೇರಿ ಸುಲಭ. ಪಾತ್ರೆಯಲ್ಲಿ ನೀರು ಕುದಿಸಿ, ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ ಕಾಲನ್ನಷ್ಟೇ ಮುಳುಗಿಸಿ ಹಿಡಿಯಬೇಕು. ಒಂದೆರಡು ನಿಮಿಷದಲ್ಲಿ ಅದು ಹದವಾಗುತ್ತದೆ. ಆಗ ಹೆಬ್ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ಒತ್ತಿ, ಒತ್ತಿದ್ದು ಒತ್ತಿದ ಹಾಗೇ ಇರುವಾಗ ತಣ್ಣೀರಿಗೆ ಹಾಕಬೇಕು. ನಮ್ಮ ಬಾವಿ ನೀರು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕಾಲು ಸರಿಯಾಗಿದೆಯೋ ಇಲ್ಲವೋ ಎಂದು ಕಣ್ಣಳತೆಯಲ್ಲಿ ನೋಡಿದರೆ ಸಾಲದು. ನಾನು ನೂಲಿಗೆ ಒಂದು ನಟ್ಟು ಕಟ್ಟಿ ಸೊಂಟದ ಪಕ್ಕ ಇಳಿಬಿಡುತ್ತೇನೆ. ನಟ್ಟು ಪಾದದ ನಡುಬೆರಳಿನ ಬುಡಕ್ಕೆ ಬಂದರೆ ಪ್ರಾಣಿ ನಿಲ್ಲುತ್ತದೆ, ಉಗುರಿನ ಕಡೆ ಹೋದರೆ ಇನ್ನೊಂದು ವಾರಕ್ಕೆ ಮತ್ತೆ ಬೀಳುತ್ತದೆ. ಅವತ್ತು ಮೂರು ಸಲ ಬಿಸಿನೀರು, ಮೂರು ಸಲ ತಣ್ಣೀರು ಆಯಿತು. ನಾಲ್ಕನೆಯದಕ್ಕೆ ಮೊದಲೇ ನಟ್ಟು ಬುಡಕ್ಕೆ ಬಂದು ನಿಂತಿತು.

ನನ್ನ ಮೊದಲನೇ ಡೈನೋಸಾರ್‌ಗೆ ಈ ತಾಪತ್ರಯ ಇರಲಿಲ್ಲ. ಅದು ಮಾರಿಕಾಂಬಾ ಜಾತ್ರೆಯದು. ನಮ್ಮೂರಿನ ಜಾತ್ರೆ ಮೂರು ವರ್ಷಕ್ಕೊಮ್ಮೆ, ಆದ್ದರಿಂದ ಒಂದು ಜಾತ್ರೆಯಲ್ಲಿ ಕಂಡು ಬಿಟ್ಟುಬಂದ ಆಟದ ಸಾಮಾನು ಮುಂದಿನ ಜಾತ್ರೆ ತನಕ ಕನಸಲ್ಲಿ ಬರುತ್ತದೆ. ನಾನು ನಾಲ್ಕನೇ ಕ್ಲಾಸು. ಗೋಣಿತಾಟಿನ ಮೇಲೆ ಪೀಪಿ, ಬುಗುರಿ, ಪ್ಲಾಸ್ಟಿಕ್ ಬಸ್ಸುಗಳ ನಡುವೆ ಗಿಳಿಹಸಿರು ಬಣ್ಣದ ಒಂದು ಪ್ರಾಣಿ ಎರಡು ಕಾಲ ಮೇಲೆ ನಿಂತಿತ್ತು. ಅಪ್ಪಯ್ಯ ಅದನ್ನೆತ್ತಿ, “ಇದೆಂತ ಪ್ರಾಣಿ?” ಎಂದು ಕೇಳಿದರು. ಅಂಗಡಿಯವನು “ಮೊಸಳೆ ಸಾಮಿ” ಎಂದ. “ಮೊಸಳೆ ಹಿಂಗೆ ನಿಂತ್ಕಳಲ್ಲ ಮಾರಾಯ” ಎಂದರು ಅಪ್ಪಯ್ಯ. ಆದರೂ ನಾಲ್ಕು ರೂಪಾಯಿ ಕೊಟ್ಟರು. ಅದರ ಹೆಸರು ಡೈನೋಸಾರ್ ಎಂದು ನನಗೆ ಗೊತ್ತಾದದ್ದು ಮರುವರ್ಷ, ಶಾಲೆಯಲ್ಲಿ ಮೇಷ್ಟ್ರು ತೋರಿಸಿದ ಒಂದು ಚಿತ್ರದಿಂದ.

ಆ ಹಸಿರು ಪ್ರಾಣಿ ಈಗಲೂ ಕಪಾಟಿನ ಮೇಲಿನ ಸಾಲಿನಲ್ಲಿ ಎಲ್ಲಕ್ಕಿಂತ ಮುಂದಿದೆ. ಬಾಲದ ತುದಿಯನ್ನು ನಮ್ಮ ನಾಯಿ ಅಗಿದಿತ್ತು, ಆ ಹಲ್ಲಿನ ಗುರುತು ಹಾಗೇ ಇದೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಅದು ಬಿದ್ದಿಲ್ಲ. ಎರಡು ಕಾಲು, ಜೊತೆಗೆ ನೆಲಕ್ಕೆ ಊರಿದ ಬಾಲ. ಮೂರು ಕಾಲಿನ ಸ್ಟೂಲು ಎಂಥ ಸೊಟ್ಟ ನೆಲದಲ್ಲೂ ಅಲುಗದೆ ಕೂರುತ್ತದಲ್ಲ, ಹಾಗೆ. ಹಿಂದೆ ಡೈನೋಸಾರ್‌ಗಳನ್ನು ಹೀಗೆಯೇ ಕಲ್ಪಿಸಿಕೊಂಡಿದ್ದರು: ಬೆನ್ನು ನೆಟ್ಟಗೆ, ಬಾಲ ನೆಲದ ಮೇಲೆ, ಮೈಭಾರ ಹೊತ್ತು ಕಾಲೆಳೆಯುವ ಓತಿಕೇತ. ಆದರೆ ಕಲ್ಲಾದ ಹೆಜ್ಜೆಗುರುತುಗಳ ಹಿಂದೆ ಬಾಲ ಎಳೆದ ಗೆರೆ ಇರುವುದು ತೀರಾ ಅಪರೂಪ. 1969ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಆಸ್ಟ್ರಮ್ ಅವರು ಡೈನೋನೈಕಸ್ ಎಂಬ ಚುರುಕು ಬೇಟೆಗಾರನನ್ನು ವರ್ಣಿಸಿದ ಮೇಲೆ ಆ ಸೋಮಾರಿ ಚಿತ್ರ ಒಂದೊಂದಾಗಿ ಕಳಚಿತು. ಬಾಲ ಮೇಲೆದ್ದಿತು, ಬೆನ್ನು ಅಡ್ಡವಾಯಿತು, ಸೊಂಟದ ಎರಡೂ ಕಡೆ ತಲೆ ಮತ್ತು ಬಾಲ ತಕ್ಕಡಿಯ ತಟ್ಟೆಗಳ ಹಾಗೆ ತೂಗಿದವು. ಜೀವಂತ ಪ್ರಾಣಿಗೆ ಅದೇ ಸರಿ, ಸ್ನಾಯು ಇತ್ತು, ಹೆಜ್ಜೆ ಬದಲಿಸುತ್ತಿತ್ತು. ಪಿವಿಸಿಯ ಎರಡು ಕಾಲಿಗೆ ಮಾತ್ರ ಕಷ್ಟ ಶುರುವಾದದ್ದು ಅಲ್ಲಿಂದಲೇ. ಕೆಲವು ಕಂಪನಿಗಳು ಪಾದವನ್ನು ಇರಬೇಕಾದ್ದಕ್ಕಿಂತ ದೊಡ್ಡದು ಮಾಡುತ್ತವೆ. ಕೆಲವು ಬಾಲವನ್ನು ಸದ್ದಿಲ್ಲದೆ ನೆಲಕ್ಕೆ ತಾಗಿಸುತ್ತವೆ. ಕೆಲವು ಕಲ್ಲುಮಣ್ಣಿನಂಥ ಒಂದು ಪೀಠ ಕೊಡುತ್ತವೆ. ನನಗೆ ಪೀಠವೆಂದರೆ ಆಗುತ್ತಿರಲಿಲ್ಲ. ಪ್ರಾಣಿ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು ಎಂಬ ಹಟ ನನ್ನದು. ಆ ಹಟ ಹೋದ ಕಥೆ ಮುಂದೆ ಹೇಳುತ್ತೇನೆ.

ದೊಡ್ಡವನಾದ ಮೇಲೆ ಮತ್ತೆ ಶುರುವಾದದ್ದು ಮಗಳಿಂದ. ಅವಳಿಗೆ ನಾಲ್ಕು ವರ್ಷವಿದ್ದಾಗ ಬೆಂಗಳೂರಿನಲ್ಲಿ ಒಂದು ಸ್ಟೆಗೊಸಾರಸ್ ಕೊಡಿಸಿದೆ. ಬಸ್ಸಿನಲ್ಲಿ ಅವಳು ನನ್ನ ತೊಡೆಯ ಮೇಲೆ ನಿದ್ದೆ ಹೋದಳು, ನಾನು ಸಾಗರ ಬರುವ ತನಕ ಆ ಬೊಂಬೆಯ ಬೆನ್ನಿನ ಹಲಗೆಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದೆ. ಹಲಗೆಗಳು ಜೋಡಿ ಜೋಡಿಯಾಗಿರಲಿಲ್ಲ, ಒಂದು ಎಡಕ್ಕೆ, ಒಂದು ಬಲಕ್ಕೆ, ಅದಲು ಬದಲಾಗಿದ್ದವು. ಹಾಗೇಕೆ ಎಂದು ಹುಡುಕಿ ಓದಿದೆ. ನಿಜವಾದ ಪ್ರಾಣಿಯಲ್ಲೂ ಹಾಗೆಯೇ ಇತ್ತು. ಬೊಂಬೆ ಮಾಡಿದವನು ಮೂಳೆ ನೋಡಿ ಮಾಡಿದ್ದ. ಅದು ನನ್ನನ್ನು ಹಿಡಿದುಬಿಟ್ಟಿತು. ಮಗಳು ಆಟ ಬಿಟ್ಟಳು, ಈಗ ಶಿವಮೊಗ್ಗದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ. ನಾನು ಬಿಡಲಿಲ್ಲ.

ಕಂಪನಿಗಳ ವಿಷಯ ಬಲ್ಲವರು ಕೇಳುವುದರಿಂದ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಜರ್ಮನಿಯ ಶ್ಲೈಶ್ ಗಟ್ಟಿಮುಟ್ಟು, ಮಕ್ಕಳು ಎಸೆದರೂ ಏನಾಗುವುದಿಲ್ಲ, ಆದರೆ ಅಳತೆಯಲ್ಲಿ ನಂಬಿಕೆ ಸಾಲದು. ಫ್ರಾನ್ಸಿನ ಪಾಪೊದವರ ಚರ್ಮದ ಕೆಲಸ ನೋಡಿದರೆ ಕೈ ಮುಗಿಯಬೇಕು, ಕತ್ತಿನ ಸುಕ್ಕಿನೊಳಗೂ ಹುರುಪೆ ಕೆತ್ತಿರುತ್ತಾರೆ. ಅಮೆರಿಕದ ಸಫಾರಿ ಮತ್ತು ಹಾಂಗ್‌ಕಾಂಗಿನ ಕಲೆಕ್ಟಾ ನನಗೆ ಹೆಚ್ಚು ಇಷ್ಟ. ಹೊಸ ಸಂಶೋಧನೆ ಬಂದರೆ ಅದನ್ನು ಬೊಂಬೆಗೆ ತರುವ ಶ್ರದ್ಧೆ ಅವರಲ್ಲಿದೆ. ಯಾರೂ ಕೇಳಿರದ ಜಾತಿಗಳನ್ನೂ ಮಾಡುತ್ತಾರೆ. ಸಫಾರಿಯವರು ಪಿಟ್ಸ್‌ಬರ್ಗಿನ ಕಾರ್ನೆಗಿ ಮ್ಯೂಸಿಯಂ ಜೊತೆ ಸೇರಿ 1988ರಿಂದ 2015ರವರೆಗೆ ಒಂದು ಸರಣಿ ತಂದಿದ್ದರು. ಅದರ ಬಹುಪಾಲು ಬೊಂಬೆಗಳು ಒಂದೇ ಅಳತೆಯವು: ನಿಜವಾದ ಪ್ರಾಣಿಯ ನಲವತ್ತರಲ್ಲಿ ಒಂದು ಪಾಲು. ಅದರಲ್ಲಿ ನನ್ನ ಹತ್ತಿರ ಐದಿವೆ. ಅವುಗಳ ಪಕ್ಕ ಎರಡು ಇಂಚಿಗೆ ಸ್ವಲ್ಪ ಕಡಿಮೆ ಎತ್ತರದ ಮನುಷ್ಯನನ್ನು ನಿಲ್ಲಿಸಿದರೆ ಎಲ್ಲವೂ ಒಮ್ಮೆಗೇ ಅರ್ಥವಾಗುತ್ತದೆ. ಆ ಮನುಷ್ಯನನ್ನು ಅಡಿಕೆ ದಬ್ಬೆಯಲ್ಲಿ ನಾನೇ ಕೆತ್ತಿಕೊಂಡಿದ್ದೇನೆ.

ಕೊಳ್ಳುವುದು ಈಗೀಗ ಕಷ್ಟವೇ. 2020ರಲ್ಲಿ ಹೊರದೇಶದ ಆಟಿಕೆಗಳ ಮೇಲಿನ ಸುಂಕ ಶೇಕಡಾ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. 2021ರಿಂದ ಐಎಸ್‌ಐ ಗುರುತೂ ಕಡ್ಡಾಯ. ದೇಶದ ಆಟಿಕೆ ಕೆಲಸಗಾರರಿಗೆ ಅದರಿಂದ ಒಳ್ಳೆಯದಾಗಿದ್ದರೆ ನನಗೂ ಸಂತೋಷ, ಆದರೆ ಎಂಟುನೂರಕ್ಕೆ ಸಿಗುತ್ತಿದ್ದದ್ದು ಸಾವಿರದೈನೂರು ದಾಟಿದೆ. ಆದ್ದರಿಂದ ಹೊಸತು ಕಡಿಮೆ, ಬೇರೆ ಊರಿನ ಹವ್ಯಾಸಿಗಳು ಬಿಟ್ಟುಕೊಡುವ ಹಳೆಯವೇ ಹೆಚ್ಚು. ಒಂದು ಪಾರ್ಸೆಲ್ಲಂತೂ ಎರಡೂವರೆ ತಿಂಗಳು ದಾರಿಯಲ್ಲಿ ಕಳೆದು, ಬಂದಾಗ ಡಬ್ಬಿ ತೊಯ್ದು ಮುದ್ದೆಯಾಗಿತ್ತು. ಒಳಗಿದ್ದ ಪಾರಸಾರೊಲೋಫಸ್‌ನ ತಲೆಯ ಜುಟ್ಟು ಎರಡು ತುಂಡು. ಅರಾಲ್ಡೈಟ್ ಹಾಕಿ ಕೂಡಿಸಿದೆ. ಆದರೂ ಆ ಡಬ್ಬಿ ಬಿಚ್ಚಿದ ಸಂಜೆ ನನಗೆ ಊಟ ಸೇರಲಿಲ್ಲ.

ಮಲೆನಾಡಿನಲ್ಲಿ ಇವನ್ನು ಕಾಪಾಡುವುದೇ ಒಂದು ಕೆಲಸ. ಆರಿದ್ರ ಮಳೆಯಿಂದ ಹಿಡಿದು ನವರಾತ್ರಿ ತನಕ ಚಪ್ಪಲಿಗೂ ಬೂಷ್ಟು, ಗೋಡೆಗೂ ಬೂಷ್ಟು. ಪಿವಿಸಿಯನ್ನು ಮೆದು ಮಾಡಲು ಸೇರಿಸಿದ ಎಣ್ಣೆಯಂಥ ವಸ್ತು ಕಾಲ ಕಳೆದ ಹಾಗೆ ಮೇಲಕ್ಕೆ ಬಂದು ಮೈ ಜಿಗುಟಾಗುತ್ತದೆ, ಜಿಗುಟಿಗೆ ಧೂಳು ಹಿಡಿಯುತ್ತದೆ, ಧೂಳಿಗೆ ಬೂಷ್ಟು ಹತ್ತುತ್ತದೆ. ಸೋಪಿನ ಪುಡಿ ಬಣ್ಣ ತಿನ್ನುತ್ತದೆ. ಅಮ್ಮ ಹೇಳಿದ ಅಂಟುವಾಳದ ನೀರೇ ಸರಿ. ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ, ನೆರಳಲ್ಲಿ ಒಣಗಿಸುತ್ತೇನೆ. ಹೊಸ ಮಿಕ್ಸಿಗಳ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಸಣ್ಣ ಪೊಟ್ಟಣ ಬರುತ್ತದಲ್ಲ, ಜನ ಅದನ್ನು ಬಿಸಾಡುತ್ತಾರೆ. ನಾನು ಕೂಡಿಡುತ್ತೇನೆ. ಪ್ರತಿ ಅಂತಸ್ತಿನಲ್ಲಿ ಆರು ಪೊಟ್ಟಣ, ಹದಿನೈದು ದಿನಕ್ಕೊಮ್ಮೆ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿ ಮತ್ತೆ ಒಳಗೆ.

ಎರಡನೇ ಅಂತಸ್ತಿನ ಮಧ್ಯೆ ಮೂರು ಸ್ಪೈನೊಸಾರಸ್‌ಗಳನ್ನು ಒತ್ತೊತ್ತಾಗಿ ಇಟ್ಟಿದ್ದೇನೆ. ಮೂರೂ ಒಂದೇ ಪ್ರಾಣಿ, ಆದರೆ ನೋಡಿದವರು ಯಾರೂ ನಂಬುವುದಿಲ್ಲ. ಈಜಿಪ್ಟಿನ ಮರುಭೂಮಿಯಲ್ಲಿ ಸಿಕ್ಕ ಮೂಳೆಗಳಿಗೆ ಜರ್ಮನಿಯ ಅರ್ನ್ಸ್ಟ್ ಸ್ಟ್ರೋಮರ್ 1915ರಲ್ಲಿ ಈ ಹೆಸರಿಟ್ಟರು. ಬೆನ್ನ ಮೇಲೆ ಹಾಯಿಯಂತೆ ಎದ್ದ ಉದ್ದುದ್ದ ಮುಳ್ಳೆಲುಬುಗಳು. ಆ ಮೂಳೆಗಳು ಮ್ಯೂನಿಕ್ಕಿನ ಮ್ಯೂಸಿಯಮ್ಮಿನಲ್ಲಿದ್ದವು. 1944ರ ಏಪ್ರಿಲಿನಲ್ಲಿ ಬಾಂಬು ಬಿದ್ದು ಎಲ್ಲ ಸುಟ್ಟುಹೋಯಿತು. ಉಳಿದದ್ದು ಸ್ಟ್ರೋಮರ್ ಅವರ ಚಿತ್ರ, ಟಿಪ್ಪಣಿ, ಒಂದಿಷ್ಟು ಫೋಟೊ. ನನ್ನ ಮೊದಲನೇ ಬೊಂಬೆ ಆ ಕಾಲದ ಊಹೆಯದು: ಟಿ. ರೆಕ್ಸಿನ ಹಾಗೆ ಎದ್ದು ನಿಂತ ಮೈ, ಬೆನ್ನಿಗೊಂದು ಹಾಯಿ. 2014ರಲ್ಲಿ ಮೊರಾಕ್ಕೊದ ಹೊಸ ಮೂಳೆಗಳನ್ನು ನೋಡಿ ಹಿಂಗಾಲು ಗಿಡ್ಡ, ನೀರಿನ ಪ್ರಾಣಿ ಎಂದರು. ಎರಡನೆಯದು ಅದು. 2020ರಲ್ಲಿ ಅದೇ ಪ್ರಾಣಿಯ ಬಾಲ ಬಹುಪಾಲು ಸಿಕ್ಕಿದ್ದು ಪ್ರಕಟವಾಯಿತು, ದೋಣಿಯ ಹುಟ್ಟಿನ ಹಾಗೆ ಅಗಲ. ಮೂರನೆಯದು ಹಿಂದಿನಿಂದ ನೋಡಿದರೆ ದೊಡ್ಡ ಮೀನೇ.

ಒಬ್ಬ ಹವ್ಯಾಸಿ ಮಿತ್ರರು, ಹಳೆಯ ಎರಡನ್ನು ಮಾರಿಬಿಡಿ, ತಪ್ಪು ಎಂದು ಗೊತ್ತಾದ ಮೇಲೆ ಯಾಕೆ ಜಾಗ ಕೊಡುತ್ತೀರಿ ಎಂದು ಕೇಳಿದ್ದರು. ನನಗೆ ಅದು ಒಪ್ಪಿಗೆಯಿಲ್ಲ. ನನ್ನ ಅಂಗಡಿಯಲ್ಲಿ ಹಳೆಯ ಕಾಲದ ಒಂದು ಮಿಕ್ಸಿ ಬಿಚ್ಚಿದರೆ ಒಳಗೆ ಹಿಂದಿನ ಮೆಕ್ಯಾನಿಕ್ಕು ಹಾಕಿದ ಬೆಸುಗೆ ಕಾಣುತ್ತದೆ, ಅದರ ಕೆಳಗೆ ಅವನಿಗಿಂತ ಹಿಂದಿನವನದು. ಯಾರು ಏನು ತಿಳಿದು ಏನು ಮಾಡಿದರು ಎಂಬುದು ಅಲ್ಲಿ ಕಣ್ಣೆದುರಿಗಿರುತ್ತದೆ. ಈ ಮೂರು ಬೊಂಬೆಗಳನ್ನು ಒಂದರ ಪಕ್ಕ ಒಂದಿಟ್ಟಾಗಲೂ ನನಗೆ ಕಾಣುವುದು ಅದೇ. ಹಾಯಿ ಮೂರರಲ್ಲೂ ಉಳಿದಿದೆ. ಕಾಲು, ಬಾಲ, ನಿಲುವು ಬದಲಾಗುತ್ತಾ ಬಂದಿವೆ. ಮೊದಲನೆಯದನ್ನು ತೆಗೆದರೆ ಮೂರನೆಯದರ ಬೆಲೆ ಅರ್ಧ ಹೋದ ಹಾಗೆ.

ತಪ್ಪು ಹಿಡಿಯಲು ಪುಸ್ತಕವೇ ಬೇಕೆಂದಿಲ್ಲ. ಎರಡು ವರ್ಷದ ಹಿಂದೆ ಒಂದು ವೆಲೋಸಿರ್‍ಯಾಪ್ಟರ್ ತರಿಸಿದೆ. ನಿಜದಲ್ಲಿ ಅದು ಟರ್ಕಿ ಕೋಳಿಯಷ್ಟು ದೊಡ್ಡದು. ಮುಂಗೈ ಮೂಳೆಯ ಮೇಲೆ ಗರಿ ಕೂರುವ ಗುಬ್ಬೆಗಳಿದ್ದದ್ದನ್ನು 2007ರಲ್ಲಿ ಕಂಡುಹಿಡಿದರು, ಆದ್ದರಿಂದ ಬೊಂಬೆಗೂ ಗರಿ ಇತ್ತು. ಅಮ್ಮ ಅಂಗಳದಲ್ಲಿ ಕೋಳಿಗೆ ಅಕ್ಕಿನುಚ್ಚು ಹಾಕುತ್ತಿದ್ದವರು ಕೈ ಒರೆಸಿಕೊಂಡು ಬಂದು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದು ಕೋಳಿ ಅಲ್ದೇನ ಮಾರಾಯ? ಕಾಲು ನೋಡು, ನಮ್ ಹುಂಜದ್ದೇ.”

“ಹೌದಮ್ಮ, ಕೋಳಿಯ ಕಡೆಯವೇ ಇವು.”

“ಹಂಗಾದ್ರೆ ಕೈ ಎಂತಕ್ಕೆ ಹಿಂಗೆ ಮಾಡಿದಾರೆ? ಕೋಳಿ ರೆಕ್ಕೆ ಪಕ್ಕಕ್ಕೆ ಮಡಚ್ಕಳತ್ತೆ. ಇದು ಅಂಗೈ ಕೆಳಗೆ ಮಾಡಿ ಹಿಟ್ಟು ತಟ್ಟೋರ ಹಂಗೆ ಹಿಡ್ಕಂಡದೆ.”

ನಾನು ಬೊಂಬೆ ಕೈಗೆ ತಗೊಂಡು ನೋಡಿದೆ. ಅಮ್ಮ ಹೇಳಿದ್ದು ಅಕ್ಷರಶಃ ಸರಿ. ಈ ಬೇಟೆಗಾರ ಡೈನೋಸಾರ್‌ಗಳ ಮಣಿಕಟ್ಟು ಅಂಗೈಯನ್ನು ಕೆಳಮುಖ ಮಾಡಲು ಬಿಡುತ್ತಿರಲಿಲ್ಲ, ಚಪ್ಪಾಳೆ ತಟ್ಟುವಾಗಿನಂತೆ ಎರಡು ಅಂಗೈ ಎದುರುಬದುರಾಗಿರುತ್ತಿದ್ದವು. ಸಂಗ್ರಹಕಾರರು ಎಷ್ಟೋ ವರ್ಷದಿಂದ ಕಂಪನಿಗಳಿಗೆ ಹೇಳುತ್ತಾ ಬಂದ ತಪ್ಪು ಇದು. ಅಮ್ಮ ಒಂದು ಪುಸ್ತಕ ನೋಡದೆ, ಅರವತ್ತು ವರ್ಷ ಕೋಳಿ ಸಾಕಿದ ಕಣ್ಣಿನಿಂದ ಅರ್ಧ ನಿಮಿಷದಲ್ಲಿ ಹಿಡಿದರು. ಅವತ್ತಿನಿಂದ ಹೊಸತೊಂದು ಬಂದರೆ ಮೊದಲು ಅಮ್ಮನ ಕೈಗೇ ಕೊಡುತ್ತೇನೆ.

ಇಷ್ಟೆಲ್ಲ ಇದ್ದರೂ ಬಹಳ ಕಾಲ ಒಂದು ಕೊರಗಿತ್ತು. ಅಮೆರಿಕದವು, ಚೀನಾದವು, ಆಫ್ರಿಕದವು ಎಲ್ಲ ಇವೆ, ನಮ್ಮ ದೇಶದ್ದು ಒಂದೂ ಇಲ್ಲ. ನಮ್ಮ ಜಿಲ್ಲೆಯಲ್ಲಂತೂ ಸಿಗುವ ಆಸೆಯಿಲ್ಲ. ನಾವು ಕಾಲಿಟ್ಟ ಈ ಮಲೆನಾಡಿನ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು, ಡೈನೋಸಾರ್ ಹುಟ್ಟಿದ್ದೇ ಸುಮಾರು 23 ಕೋಟಿ ವರ್ಷದ ಹಿಂದೆ. ಜೋಗದ ಗುಂಡಿಯ ಬಂಡೆಯೊಳಗೆ ಮೂಳೆ ಹುಡುಕುವುದೆಂದರೆ ಅಜ್ಜನ ಮದುವೆ ಫೋಟೊದಲ್ಲಿ ಮೊಮ್ಮಗನನ್ನು ಹುಡುಕಿದಂತೆ. ನಮಗೆ ಹತ್ತಿರದ ಸಾಕ್ಷಿ ಇರುವುದು ಘಟ್ಟದ ಕೆಳಗೆ, ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದಲ್ಲಿ. ಅಲ್ಲಿನ ಕಂಬ ಕಂಬದ ಕಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ. ಮಡಗಾಸ್ಕರ್ ನಮ್ಮಿಂದ ಬೇರೆಯಾಗಿ ಹೋದ ಕಾಲದ್ದು. ಆಗ ಡೈನೋಸಾರ್‌ಗಳು ಇದ್ದವು. ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಗ ಅಲ್ಲಿಗೆ ಹೋಗಿದ್ದೆವು. ಆರು ಮೂಲೆಯ ಒಂದು ಕಂಬದ ತಲೆಯ ಮೇಲೆ ನನ್ನ ಕಿಸೆಯಲ್ಲಿದ್ದ ಸಣ್ಣ ಬೊಂಬೆಯನ್ನು ನಿಲ್ಲಿಸಿ ಅವಳು ಫೋಟೊ ತೆಗೆದಳು. ಹಿಂದೆ ಸಮುದ್ರ, ಅದರಾಚೆ ಎಲ್ಲೋ ಮಡಗಾಸ್ಕರ್. ಆ ಫೋಟೊ ಇವತ್ತಿಗೂ ಅಂಗಡಿಯ ಗೋಡೆಯ ಮೇಲಿದೆ.

ಮಡಗಾಸ್ಕರಿನಲ್ಲಿ ಮಜುಂಗಸಾರಸ್ ಎಂಬ ಮಾಂಸಾಹಾರಿ ಸಿಕ್ಕಿದೆ. ಅದರ ನೆಂಟ ನಮ್ಮಲ್ಲಿದ್ದ: ರಾಜಾಸಾರಸ್ ನರ್ಮದೆನ್ಸಿಸ್. ಗುಜರಾತಿನ ಬಾಲಾಸಿನೋರ್ ಹತ್ತಿರದ ರಹಿಯೋಲಿಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸುರೇಶ್ ಶ್ರೀವಾಸ್ತವ ಅವರು 1982ರಿಂದ 84ರವರೆಗೆ ಅಗೆದು, ಯಾವ ಮೂಳೆ ಎಲ್ಲಿತ್ತು ಎಂದು ನಕಾಶೆ ಬರೆದಿಟ್ಟರು. ಸುಮಾರು ಇಪ್ಪತ್ತು ವರ್ಷದ ನಂತರ ಅಮೆರಿಕದ ಜೆಫ್ರಿ ವಿಲ್ಸನ್, ಪಾಲ್ ಸೆರೆನೊ ಮತ್ತು ಇಲ್ಲಿನ ವಿಜ್ಞಾನಿಗಳು ಸೇರಿ ಆ ಮೂಳೆಗಳನ್ನು ಕೂಡಿಸಿ ನೋಡಿದರು. 2003ರಲ್ಲಿ ಹೆಸರು ಬಂತು. ಆ ನಕಾಶೆ ಇಲ್ಲದಿದ್ದರೆ ಯಾವ ಮೂಳೆ ಯಾವ ಪ್ರಾಣಿಯದೆಂದು ಹೊಂದಿಸುವುದು ಬಲು ಕಷ್ಟವಾಗುತ್ತಿತ್ತು. ಬಿಚ್ಚಿದ ಮೋಟರಿನ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿಡುವ ನನಗೆ ಆ ಶಿಸ್ತಿನ ಬೆಲೆ ಗೊತ್ತು. ಶ್ರೀವಾಸ್ತವ ಅವರನ್ನು ನೆನೆದರೆ ನನಗೆ ಮನಸ್ಸು ತುಂಬಿ ಬರುತ್ತದೆ.

ಆ ರಾಜಾಸಾರಸ್ ನನಗೆ ಬೇಕಿತ್ತು, ನಲವತ್ತರಲ್ಲಿ ಒಂದರ ಅಳತೆಯಲ್ಲಿ. ಕೊಳ್ಳಲು ನಾನು ಹೋಗಲಿಲ್ಲ. ಸಾಗರದವನಾಗಿ ಇದನ್ನು ಹೊರಗಿನಿಂದ ತರಿಸುವುದು ಯಾಕೋ ಸರಿ ಕಾಣಲಿಲ್ಲ. ನಮ್ಮೂರಲ್ಲಿ ಗುಡಿಗಾರರಿದ್ದಾರೆ. ತಲೆತಲಾಂತರದಿಂದ ಗಂಧದಲ್ಲಿ, ಮರದಲ್ಲಿ ದೇವರನ್ನೂ ಆನೆಯನ್ನೂ ಕೆತ್ತಿದ ಕೈಗಳು. ಒಬ್ಬ ಹಿರಿಯರು ನನ್ನ ಅಂಗಡಿಗೆ ಡ್ರಿಲ್ಲಿಂಗ್ ಮಷಿನ್ನು ರಿಪೇರಿಗೆ ತರುತ್ತಿದ್ದರು. ಅವರಲ್ಲಿ ಹೋಗಿ ಎಲುಬಿನ ಚಿತ್ರ ಹರಡಿ ಕೂತೆ.

ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಹಣೆಯ ಮೇಲೆ ಒಂದೇ ಒಂದು ಗಿಡ್ಡ ಕೊಂಬು ಇರುವುದನ್ನು ಕಂಡು, “ಸಿಂಹಕ್ಕೂ ಅಲ್ಲ, ಯಾಳಿಗೂ ಅಲ್ಲ, ಇದು ಬೇರೆ” ಎಂದರು. ಆಮೇಲೆ ಇದುವರೆಗೆ ನನ್ನನ್ನು ಯಾರೂ ಕೇಳದ ಪ್ರಶ್ನೆ ಕೇಳಿದರು.

“ಇದರಲ್ಲಿ ಸಿಕ್ಕಿದ್ದೆಷ್ಟು, ಊಹೆ ಎಷ್ಟು?”

ತಲೆಬುರುಡೆಯ ಹಿಂಭಾಗ ಕೊಂಬಿನ ಸಮೇತ, ಬೆನ್ನುಮೂಳೆಯ ಭಾಗಗಳು, ಸೊಂಟ, ಹಿಂಗಾಲು, ಬಾಲದ ಒಂದಿಷ್ಟು, ಇವು ಸಿಕ್ಕಿದ್ದು. ಮೂತಿ ಮತ್ತು ಮುಂಗೈ ನೆಂಟರ ಪ್ರಾಣಿಗಳನ್ನು ನೋಡಿ ಬರೆದದ್ದು. ನಾನು ಹೇಳುತ್ತಾ ಹೋದ ಹಾಗೆ ಅವರು ಚಿತ್ರದ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಹೋದರು. ಉದ್ದ ಸುಮಾರು 6.6 ಮೀಟರ್ ಎಂಬ ಅಂದಾಜು ಹಿಡಿದೆವು. ನಲವತ್ತರಿಂದ ಭಾಗಿಸಿದರೆ ಹದಿನಾರೂವರೆ ಸೆಂಟಿಮೀಟರ್. ಮರ ಶಿವನೆ.

“ಪೀಠ ಬೇಡ, ಎರಡೇ ಕಾಲಲ್ಲಿ ನಿಲ್ಲಬೇಕು” ಎಂದೆ.

“ಪೀಠ ಇಲ್ದೆ ಯಾವ ಮೂರ್ತಿನೂ ನಿಲ್ಲಲ್ಲ. ಮರದ ಎಳೆ ಕಾಲಿಗೆ ಉದ್ದಕ್ಕೆ ಕೊಟ್ರೆ ಬಾಲಕ್ಕೆ ಅಡ್ಡ ಬರ್ತದೆ, ಮುರೀತದೆ. ಬಾಲಕ್ಕೆ ಉದ್ದಕ್ಕೆ ಕೊಟ್ರೆ ಕಾಲು ಹೋಗ್ತದೆ. ನೀವು ಕಾಲು ಉಳಿಸ್ಕಳಿ ಅಂತೀರೊ, ಬಾಲ ಉಳಿಸ್ಕಳಿ ಅಂತೀರೊ?”

ಉತ್ತರ ಹೊಳೆಯಲಿಲ್ಲ. ಕೊನೆಗೆ ಎಳೆಯನ್ನು ಮೂತಿಯಿಂದ ಬಾಲದವರೆಗೆ ಬಿಟ್ಟು, ಕಾಲುಗಳನ್ನು ಬೇರೆ ಮರದಲ್ಲಿ ಕೆತ್ತಿ ಸೊಂಟದ ಹತ್ತಿರ ಗೂಟ ಹೊಡೆದು ಕೂರಿಸುವುದು, ಪಾದದ ಕೆಳಗೆ ತೆಳ್ಳಗಿನ ಪೀಠ, ಎಂದಾಯಿತು. ಸೊಂಟದ ಕೀಲು ನಿಜವಾದ ಪ್ರಾಣಿಯಲ್ಲೂ ಅಲ್ಲಿಯೇ ಇತ್ತಲ್ಲ ಎಂದು ನಾನು ಹೇಳಿದಾಗ ಅವರು ತಲೆದೂಗಿದರು.

ಎರಡು ತಿಂಗಳು ಹಿಡಿಯಿತು. ನಾನು ವಾರಕ್ಕೊಮ್ಮೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಅವರು ಹೆಬ್ಬೆರಳಿನ ಉಗುರಷ್ಟು ಅಗಲದ ಉಳಿಯಿಂದ ಶುರುಮಾಡಿ, ಕೊನೆಗೆ ಸೂಜಿಯಂಥದ್ದಕ್ಕೆ ಬಂದರು. ಮುಂಗೈ ಕೆತ್ತುವ ದಿನ ನನ್ನನ್ನು ಕರೆದರು. ಆ ಕುಲದ ಪ್ರಾಣಿಗಳ ಕೈ ತೀರಾ ಚಿಕ್ಕದು, ಈ ಅಳತೆಯಲ್ಲಿ ಭತ್ತದ ಕಾಳಿಗಿಂತ ಸ್ವಲ್ಪ ದೊಡ್ಡದು. ಉಸಿರು ಹಿಡಿದು ಒಂದೊಂದೇ ಸಿಪ್ಪೆ ಎಬ್ಬಿಸುತ್ತಿದ್ದರು. ನಾನೂ ಉಸಿರು ಹಿಡಿದಿದ್ದೆ.

ಸಿದ್ಧವಾದ ದಿನ ಕೈಗೆ ಕೊಟ್ಟಾಗ ಮೊದಲು ಅರ್ಥವಾಗಲಿಲ್ಲ. ಬುರುಡೆಯ ಹಿಂಭಾಗ, ಕೊಂಬು, ಸೊಂಟ, ಕಾಲು ಎಲ್ಲ ನೀಟಾಗಿ ಉಜ್ಜಿ, ಬೆರಳು ಜಾರುವಷ್ಟು ನುಣುಪು. ಮೂತಿ ಮತ್ತು ಮುಂಗೈ ಮೇಲೆ ಮಾತ್ರ ಉಳಿಯ ಗುರುತು ಹಾಗೇ ಉಳಿದಿತ್ತು, ಸಣ್ಣ ಸಣ್ಣ ಚಪ್ಪಟೆ ಕಚ್ಚುಗಳು. ಕೆಲಸ ಬಾಕಿಯಿದೆಯೇ ಎಂದು ಕೇಳಿದೆ.

“ಬಾಕಿ ಇಲ್ಲ. ಸಿಕ್ಕಿದ್ದನ್ನ ಉಜ್ಜಿದೀನಿ. ಊಹೆ ಮಾಡಿದ್ದಕ್ಕೆ ಉಳಿ ಗುರುತು ಬಿಟ್ಟಿದೀನಿ. ನಾಳೆ ಅದರ ಮೂತಿ ಎಲ್ಲಾದ್ರೂ ಸಿಕ್ಕಿದ್ರೆ ತಗಂಬನ್ನಿ, ತಿದ್ದಿ ಕೊಡ್ತೀನಿ.”

ನನಗೆ ಮಾತು ಬರಲಿಲ್ಲ. ಹದಿನೈದು ವರ್ಷದಿಂದ ಎಷ್ಟು ಕಂಪನಿಗಳ ಬೊಂಬೆ ನೋಡಿದ್ದೇನೆ, ಯಾವ ಕಂಪನಿಗೂ ಇದು ಹೊಳೆದದ್ದು ನಾನು ಕಂಡಿಲ್ಲ. ಬಣ್ಣದ ವಿಷಯ ಕೇಳಿದರು. ರಾಜಾಸಾರಸ್‌ನ ಬಣ್ಣ ಯಾರಿಗೂ ಗೊತ್ತಿಲ್ಲ ಎಂದೆ. ಹಾಗಾದರೆ ಮರದ ಬಣ್ಣವೇ ಇರಲಿ ಎಂದು ಇಬ್ಬರೂ ಒಪ್ಪಿದೆವು. ಕಪಾಟಿನಲ್ಲಿ ಅದನ್ನು ಹಸಿರು ಜಾತ್ರೆ ಬೊಂಬೆಯ ಪಕ್ಕದಲ್ಲೇ ಇಟ್ಟಿದ್ದೇನೆ. ಮಗಳಿಗೆ ಫೋಟೊ ಕಳಿಸಿದರೆ, ಅಪ್ಪ ಮೂತಿಯನ್ನು ಇನ್ನೊಂದು ಸಲ ಹತ್ತಿರದಿಂದ ತೆಗೆದು ಕಳಿಸು ಎಂದಳು.

ಮೊನ್ನೆ ಮಳೆ ಸ್ವಲ್ಪ ಬಿಟ್ಟಾಗ ಮತ್ತೆ ಅವರ ಮನೆಗೆ ಹೋಗಿದ್ದೆ, ಈ ಸಲ ಬರಪಸಾರಸ್ ಟಾಗೋರೈಯ ಚಿತ್ರ ಹಿಡಿದು. ಗೋದಾವರಿ ಕಣಿವೆಯಲ್ಲಿ ಸಿಕ್ಕ, ಉದ್ದ ಕತ್ತಿನ ಸಸ್ಯಾಹಾರಿ. ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ವರ್ಷ ಅಗೆದದ್ದರಿಂದ ಅವರ ಹೆಸರು, ದೊಡ್ಡ ಕಾಲಿನದೆಂದು ಬಂಗಾಳಿಯಲ್ಲಿ ‘ಬರ ಪಾ’. 1975ರಲ್ಲಿ ಹೆಸರಿಟ್ಟರು, ಜೋಡಿಸಿದ ಎಲುಬು ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ನಿಂತಿದೆ. ಉದ್ದ ಸುಮಾರು 14 ಮೀಟರ್, ನಮ್ಮ ಅಳತೆಗೆ ಮೂವತ್ತೈದು ಸೆಂಟಿಮೀಟರ್. ತೊಡೆಮೂಳೆಯೊಂದೇ 1.7 ಮೀಟರ್. ಹಲ್ಲುಗಳು ಸಿಕ್ಕಿವೆ, ತಲೆಬುರುಡೆ ಸಿಕ್ಕಿಲ್ಲ.

“ಹಂಗಾದ್ರೆ ತಲೆ ಪೂರ್ತಿ ಉಳಿ ಗುರುತೇ” ಎಂದರು ಅವರು.

“ಹೌದು. ಹಲ್ಲು ಬಿಟ್ಟು.”

“ಹಲ್ಲು ಉಜ್ಜಬಹುದು. ಈ ಕತ್ತಿಗೆ ಗಂಟಿಲ್ಲದ ಮರ ಬೇಕು” ಎಂದು ಎದ್ದು, ಹಿತ್ತಿಲ ಮಾಡಿನಲ್ಲಿ ಒಣಗಲು ಒಟ್ಟಿದ್ದ ಶಿವನೆಯ ತುಂಡುಗಳನ್ನು ಒಂದೊಂದಾಗಿ ಎತ್ತಿ, ತುದಿಗೆ ಬೆರಳಗಂಟಿನಿಂದ ಬಡಿದು ಕೇಳತೊಡಗಿದರು.